ಬೆನ್ನಿಗೊಂದು ಕ್ಲೋಸಪ್

ಮುಖ ತೋರಿಸಿದರೆ ಹೀರೋ. ಬೆನ್ನು ತೋರಿಸಿದರೆ? ಅವನು ಡ್ಯೂಪ್!

ಗಾಂಧಿನಗರದ ಟೀ ಅಂಗಡಿಗಳಲ್ಲಿ ಓಡಾಡುವ ಹಳೇ ಜೋಕು ಇದು. ಆದರೆ ಜೋಕಿನೊಳಗೆ ಸತ್ಯ ಇದೆ ಸ್ವಾಮಿ. ಎರಡನೇ ಮಹಡಿಯಿಂದ ಹಾರುವಾಗ, ಓಡುವ ಲಾರಿಯಿಂದ ಉರುಳುವಾಗ, ಕುದುರೆ ಮೇಲಿಂದ ಬೀಳುವಾಗ ಕ್ಯಾಮೆರಾ ಜಾಣತನದಿಂದ ಹಿಂದೆ ಸರಿದು ನಿಲ್ಲುತ್ತೆ. ನಮಗೆ ಕಾಣುವುದು ಹೀರೋನದೇ ಅಂಗಿ, ಹೀರೋನದೇ ಕ್ರಾಪು, ಆದರೆ ಇನ್ಯಾರದೋ ಬೆನ್ನು! ಶಿಳ್ಳೆ ಮುಖಕ್ಕೆ ಸಿಗುತ್ತೆ. ಏಟು ಬೆನ್ನಿಗೆ ಬೀಳುತ್ತೆ.

ನಟಿಯರ ಕಣ್ಣಿನ ಬಗ್ಗೆ, ನಟರ ನಗುವಿನ ಬಗ್ಗೆ, ಕೆನ್ನೆಯ ಗುಳಿಯ ಬಗ್ಗೆ ಇಂಥ ಪುಟಗಳಲ್ಲಿ ಎಷ್ಟು ಬರೆದಿದ್ದೇವೋ ಲೆಕ್ಕವಿಲ್ಲ. ಬೆನ್ನಿನ ಬಗ್ಗೆ ಬರೀತೀನಿ ಅಂದಾಗ ಸಂಪಾದಕರು, "ಯಾವ ನಟೀದಯ್ಯಾ?" ಅಂತ ನಕ್ಕರು. "ಎಲ್ಲರದೂ ಸಾರ್" ಅಂದೆ. "ಒಂದು ಬೆನ್ನು ನಮ್ಮಪ್ಪಂದು. ಇನ್ನೊಂದು ನಮ್ಮ ವಠಾರದ ಒಬ್ಬ ಫೈಟರ್‌ದು." ಅವರ ನಗು ನಿಂತಿತು. "ಬರಿ" ಅಂದರು.

ವಾಚಕ ಮಹಾಶಯರೇ, ಆ ಎರಡು ಬೆನ್ನುಗಳ ಕಥೆ ಹೇಳೋ ಮೊದಲು ಬೆನ್ನು ಅಂದರೇನು ಅಂತ ಸ್ವಲ್ಪ ನೋಡೋಣ. ಬೇಜಾರಾಗಬೇಡಿ. ಇದು ಗೊತ್ತಿಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗೋದಿಲ್ಲ.

ಕಂಬ ಅಲ್ಲ, ಮಣಿಸರ

ಬೆನ್ನುಮೂಳೆ ಅಂದರೆ ಒಂದೇ ಉದ್ದನೆಯ ಮೂಳೆ ಅಂತ ನಮ್ಮಲ್ಲಿ ಬಹಳ ಜನರ ತಿಳುವಳಿಕೆ. ಅಲ್ಲ. ಅದೊಂದು ಮಣಿಸರ. ಹುಟ್ಟಿದ ಮಗುವಿನಲ್ಲಿ ಸಾಮಾನ್ಯವಾಗಿ 33 ಮಣಿಗಳು. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗಿನ 5 ಮಣಿಗಳು ಬೆಳೆಯುತ್ತಾ ಬೆಸೆದುಕೊಂಡು ಒಂದೇ ಮೂಳೆಯಾಗುತ್ತವೆ. ಕೊನೆಯ 4 ಪುಟಾಣಿ ಮಣಿಗಳು ಕೂಡಿ ಬಾಲಮೂಳೆಯಾಗುತ್ತವೆ. ಹೀಗಾಗಿ ದೊಡ್ಡವರಲ್ಲಿ ಲೆಕ್ಕ 26ಕ್ಕೆ ಇಳಿಯುತ್ತೆ. ಜಿರಾಫೆಯ ಕತ್ತು ನೋಡಿದ್ದೀರಲ್ಲ? ಅಷ್ಟುದ್ದ ಇದ್ದರೂ ಅದರಲ್ಲಿರುವುದು ನಮ್ಮ ಹಾಗೆ ಏಳೇ ಮಣಿ!

ಒಂದೊಂದು ಮಣಿಗೂ ಒಂದೊಂದು ಪಾತ್ರ. ಹೀರೋಯಿನ್ "ಹ್ಞೂಂ" ಅಂತ ತಲೆ ಆಡಿಸುತ್ತಾಳಲ್ಲ, ಅದು ತಲೆಬುರುಡೆ ಮತ್ತು ಮೊದಲನೇ ಮಣಿಯ ನಡುವಿನ ಕೀಲಿನ ಕೆಲಸ. "ಊಹೂಂ" ಅಂತ ಅಡ್ಡ ಆಡಿಸುವುದು ಮುಖ್ಯವಾಗಿ ಮೊದಲನೇ ಮತ್ತು ಎರಡನೇ ಮಣಿಯ ನಡುವಿನ ಕೀಲಿನದು. ನಮ್ಮ ಪ್ರೇಮಕಥೆಗಳ ಇಂಟರ್‌ವಲ್ ಎಲ್ಲಾ ಆ ಎರಡು ಕೀಲುಗಳ ಮೇಲೇ ನಿಂತಿದೆ ಅನ್ನಿ!

ಎದೆಯ 12 ಮಣಿಗಳಿಗೆ ಪಕ್ಕೆಲುಬುಗಳು ಅಂಟಿಕೊಂಡಿವೆ, ಅದಕ್ಕೇ ಅವು ಹೆಚ್ಚು ಬಾಗುವುದಿಲ್ಲ. ಸೊಂಟದ ಐದು ಮಣಿಗಳು ಎಲ್ಲಕ್ಕಿಂತ ದಪ್ಪ. ಮೇಲಿನ ದೇಹದ ಭಾರವೆಲ್ಲ ಅವುಗಳ ಮೇಲೆ, ಬಗ್ಗುವ ಏಳುವ ಕೆಲಸವೂ ಅವಕ್ಕೇ. 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಐವತ್ತು ದಾಟಿದ್ದ ರಾಜಕುಮಾರ್ ಯೋಗಾಸನ ಹಾಕಿದ್ದನ್ನು ಹಿರಿಯ ವಾಚಕರು ಮರೆತಿರಲಾರರು. ಅಲ್ಲಿ ಬಾಗಿದ್ದು ಹೆಚ್ಚಾಗಿ ಸೊಂಟ ಮತ್ತು ತೊಡೆಯ ಕೀಲು. ಎದೆಯ ಭಾಗ ಎಂಥ ಯೋಗಪಟುವಿನಲ್ಲೂ ಸ್ವಲ್ಪ ಬಿಗಿಯೇ.

ಮಣಿ ಮಣಿಯ ನಡುವೆ ಡಿಸ್ಕು. ಒಟ್ಟು 23. ಹೊರಗೆ ಈರುಳ್ಳಿಯ ಹಾಗೆ ಸುತ್ತು ಸುತ್ತಾಗಿ ಗಟ್ಟಿ ನಾರು, ಒಳಗೆ ತಾಟಿನಿಂಗಿನಂಥ ಲೋಳೆ. ಅದರ ಬಹುಪಾಲು ನೀರು. ಹಗಲೆಲ್ಲ ನಿಂತು ಕೂತು ಮಾಡಿದಾಗ ನೀರು ಹಿಂಡಿಹೋಗಿ ಡಿಸ್ಕು ತೆಳ್ಳಗಾಗುತ್ತೆ. ರಾತ್ರಿ ಮಲಗಿದಾಗ ಮತ್ತೆ ಕುಡಿದು ಉಬ್ಬುತ್ತೆ. ಅದಕ್ಕೇ ನಾವೆಲ್ಲ ಸಂಜೆಗಿಂತ ಬೆಳಿಗ್ಗೆ ಒಂದು ಸೆಂಟಿಮೀಟರ್‌ನಷ್ಟು ಎತ್ತರ ಇರುತ್ತೇವೆ. ಕುಳ್ಳ ಹೀರೋಗಳು ಬೆಳಗಿನ ಕಾಲ್‌ಷೀಟ್ ಕೊಡುವುದು ವಾಸಿ!

ಇನ್ನು ಅತಿ ಮುಖ್ಯವಾದದ್ದು. ಪ್ರತಿ ಮಣಿಯ ಹಿಂಭಾಗದಲ್ಲೂ ಒಂದು ತೂತು. ಮಣಿ ಮೇಲೆ ಮಣಿ ಇಟ್ಟಾಗ ಆ ತೂತುಗಳೆಲ್ಲ ಸೇರಿ ಒಂದು ಸುರಂಗ. ಅದರೊಳಗೆ ಮಿದುಳಿನಿಂದ ಇಳಿದು ಬರುವುದೇ ಬೆನ್ನುಹುರಿ. ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ. ಅದು ಬಾಲಮೂಳೆಯವರೆಗೆ ಹೋಗುವುದಿಲ್ಲ. ಸೊಂಟದ ಮೊದಲನೇ ಎರಡನೇ ಮಣಿಯ ಹತ್ತಿರವೇ ಮುಗಿಯುತ್ತೆ. ಅಲ್ಲಿಂದ ಕೆಳಗೆ ನರಗಳ ಗೊಂಚಲು ಮಾತ್ರ. ನೋಡಲು ಕುದುರೆ ಬಾಲದಂತಿರುವುದರಿಂದ ವೈದ್ಯರು ಅದಕ್ಕೆ 'ಕುದುರೆ ಬಾಲ' ಅಂತಲೇ ಲ್ಯಾಟಿನ್ ಹೆಸರಿಟ್ಟಿದ್ದಾರೆ. ಮಣಿಗಳ ಸಂದಿಯಿಂದ 31 ಜೊತೆ ನರಗಳು ಹೊರಬಂದು ಕೈಕಾಲಿಗೆ, ಎದೆಗೆ, ಹೊಟ್ಟೆಗೆ ಹೋಗುತ್ತವೆ.

ಮಣಿ, ಡಿಸ್ಕು, ನರ, ಹುರಿ. ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ. ಇವುಗಳಲ್ಲಿ ಯಾವುದಕ್ಕೆ ಪೆಟ್ಟಾಯಿತು ಅನ್ನುವುದರ ಮೇಲೇ ಒಬ್ಬ ಮನುಷ್ಯ ಎದ್ದು ನಡೆಯುತ್ತಾನೋ ಇಲ್ಲವೋ ಅನ್ನುವುದು ನಿಂತಿದೆ.

ಅಪ್ಪನ ಡಬ್ಬ

ನಮ್ಮಪ್ಪನೂ ಸಿನಿಮಾದವರೇ. ಆದರೆ ಯಾವ ಟೈಟಲ್ ಕಾರ್ಡಿನಲ್ಲೂ ಅವರ ಹೆಸರಿಲ್ಲ. ಗಾಂಧಿನಗರದಲ್ಲಿ ರೀಲು ಡಬ್ಬ ಹೊರುತ್ತಿದ್ದರು. ಹಂಚಿಕೆದಾರರ ಆಫೀಸಿನಿಂದ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಬಸ್ಸಿನ ಟಾಪಿಗೆ. ತಗಡಿನ ಡಬ್ಬ, ಒಳಗೆ ಇಡೀ ಪಿಕ್ಚರಿನ ರೀಲು, ತಲೆ ಮೇಲೆ ಸಿಂಬೆ. ಯಾವುದೋ ಊರಿನ ಟೆಂಟಿನ ಮುಂದೆ ಜನ "ಡಬ್ಬ ಬಂತಾ?" ಅಂತ ಕಾಯುತ್ತಿದ್ದರಲ್ಲ, ಆ ಡಬ್ಬ ಅಪ್ಪನ ಕತ್ತು ಸೊಂಟದ ಮೇಲೆ ಹಾದು ಹೋಗಿರುತ್ತಿತ್ತು.

ಆಮೇಲೆ ಡಿಜಿಟಲ್ ಬಂತು. ಡಬ್ಬಗಳು ನಿಂತವು. ಅಪ್ಪ ಒಂದು ಪಾರ್ಸೆಲ್ ಆಫೀಸಿನಲ್ಲಿ ಲೋಡಿಂಗ್‌ಗೆ ಸೇರಿದರು. 2014ರಲ್ಲಿ, ಅವರಿಗೆ 46 ವರ್ಷ ಇದ್ದಾಗ, ಲಾರಿಯ ಒಳಗಡೆಯಿಂದ ಒಂದು ಮೂಟೆಯನ್ನು ಬಗ್ಗಿ ಎಳೆಯಲು ಹೋದರು. "ಚಳಕ್ ಅಂತು" ಅಂದರು. ಅಷ್ಟೇ. ಸೊಂಟದಿಂದ ಹಿಮ್ಮಡಿವರೆಗೆ ಕಾದ ಕಂಬಿ ಎಳೆದ ಹಾಗೆ ನೋವು. ಬಲಗಾಲಿನ ಹೆಬ್ಬೆರಳು ಮೇಲಕ್ಕೆ ಎತ್ತಲು ತ್ರಾಸ.

ಫಸ್ಟ್ ಪಿಯುಸಿ ಬಯಾಲಜಿಯಲ್ಲಿ ಅಸ್ಥಿಪಂಜರದ ಪಾಠ ಉರುಹೊಡೆದಿದ್ದೆ. ಪ್ರಾಕ್ಟಿಕಲ್ ನಮ್ಮ ಮನೆಯಲ್ಲೇ ನಡೆಯಿತು! ಸೆಕೆಂಡ್ ಪಿಯುಸಿ ಅರ್ಧಕ್ಕೆ ಬಿಟ್ಟು ನಾನು ದುಡಿಮೆಗೆ ನಿಂತೆ. ಅದು ಬೇರೆ ಕಥೆ.

ಮೊದಲು ಬಂದದ್ದು ನೆಂಟರ ಸಲಹೆ. "ಕಾಲು ಮುಂದಾಗಿ ಹುಟ್ಟಿದವರ ಕೈಲಿ ಬೆನ್ನಿಗೆ ಒದೆಸಿದರೆ ಉಳುಕು ಹೋಗುತ್ತೆ." ಅಂಥವರೊಬ್ಬರನ್ನು ಕರೆತಂದೂ ಬಿಟ್ಟರು. ಅವರು ಮೂರು ಸಲ ಒದ್ದರು. ಅಪ್ಪ ಮೂರು ಸಲ ಕಿರುಚಿದರು. ಇನ್ನೊಬ್ಬರು ಮೂಳೆ ಕೂರಿಸುವವರು. "ಡಿಸ್ಕ್ ಜಾರಿದೆ, ವಾಪಸ್ ತಳ್ಳಿ ಕೂರಿಸ್ತೀನಿ" ಅಂತ ಹೊರಟರು. ಅಮ್ಮ ಅಡ್ಡ ನಿಂತು ಅವರನ್ನು ವಾಪಸ್ ಕಳಿಸಿದರು.

ಕೊನೆಗೆ ಸರ್ಕಾರಿ ಆಸ್ಪತ್ರೆ. ಅಲ್ಲಿ ಒಬ್ಬ ಯುವ ಡಾಕ್ಟರಮ್ಮ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನುಮೂಳೆ ಇತ್ತು. ಅದನ್ನು ಅಪ್ಪನ ಕೈಗೇ ಕೊಟ್ಟರು.

"ನೋಡಿ ಯಜಮಾನ್ರೇ, ಡಿಸ್ಕು ಸೋಪಿನ ಹಾಗೆ ಜಾರೋದಿಲ್ಲ. ಮೇಲೆ ಕೆಳಗೆ ಮಣಿಗೆ ಗಟ್ಟಿಯಾಗಿ ಅಂಟಿರುತ್ತೆ. ಹೊರಗಿನ ನಾರು ಬಿರುಕುಬಿಟ್ಟು ಒಳಗಿನ ಲೋಳೆ ಆಚೆ ಬಂದಿದೆ. ಅದು ಈ ನರಕ್ಕೆ ಒತ್ತುತ್ತಿದೆ."

"ಆಪ್ರೇಷನ್ ಮಾಡ್ತೀರೇನಮ್ಮ?" ಅಪ್ಪನ ದನಿ ಸಣ್ಣದಾಗಿತ್ತು.

"ಈಗ ಬೇಡ. ಹೆಬ್ಬೆರಳಿನ ಶಕ್ತಿ ಸ್ವಲ್ಪ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ವಾರ ವಾರ ಬಂದು ತೋರಿಸಿ. ಕಾಲು ಜಾಸ್ತಿ ಸೋತರೆ ಮಾತ್ರ ಆಪರೇಷನ್ ಯೋಚನೆ. ಹೊರಗೆ ಬಂದ ಲೋಳೆಯನ್ನ ದೇಹವೇ ನಿಧಾನಕ್ಕೆ ತಿಂದು ಕರಗಿಸುತ್ತೆ. ತುಂಬಾ ಜನಕ್ಕೆ ಆರರಿಂದ ಹನ್ನೆರಡು ವಾರದಲ್ಲಿ ವಾಸಿಯಾಗುತ್ತೆ. ಆದರೆ ಮಲಗೇ ಇರಬೇಡಿ. ನೋವು ಸಹಿಸೋ ಅಷ್ಟು ಓಡಾಡಿ."

ಅಪ್ಪ ಪೂರ್ತಿ ನಂಬಲಿಲ್ಲ. ಬೆನ್ನು ಹಿಡಿದರೆ ಹಲಗೆ ಮೇಲೆ ತಿಂಗಳುಗಟ್ಟಲೆ ಮಲಗಬೇಕು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರಲ್ಲ! ಈಗಿನ ವೈದ್ಯರು ಹೇಳುವುದು ಬೇರೆ. ಹೆಚ್ಚು ಮಲಗಿದಷ್ಟೂ ಬೆನ್ನಿನ ಸ್ನಾಯುಗಳು ಸೊರಗುತ್ತವೆ.

ಹೊರಡುವಾಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರು. ಅದನ್ನು ಇಲ್ಲಿ ದಪ್ಪಕ್ಷರದಲ್ಲಿ ಹಾಕಿ ಅಂತ ಸಂಪಾದಕರನ್ನು ಕೇಳಿಕೊಂಡಿದ್ದೇನೆ. ಸೊಂಟನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ ಅಥವಾ ತಾನೇ ಸೋರಿದರೆ, ಕೂರುವ ಜಾಗ ಜೋಮು ಹಿಡಿದರೆ, ಎರಡೂ ಕಾಲು ಸೋತರೆ, ನಾಳೆ ಅನ್ನಬೇಡಿ. ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಿ. ಕುದುರೆ ಬಾಲ ಒತ್ತಿಹೋಗಿರುವ ಗುರುತು ಅದು. ತಡವಾದಷ್ಟೂ ವಾಪಸ್ ಬರುವುದು ಕಷ್ಟ.

ಅಪ್ಪನಿಗೆ ಆ ಗತಿ ಬರಲಿಲ್ಲ. ಎರಡೂವರೆ ತಿಂಗಳಿಗೆ ಎದ್ದು ನಡೆದರು. ಹೆಬ್ಬೆರಳೂ ಎದ್ದಿತು. ಆದರೆ ಮೂಟೆ ಹೊರುವ ಕೆಲಸ ಮುಗಿಯಿತು.

ಮೂಟೆಯ ಲೆಕ್ಕ

ಅಷ್ಟು ವರ್ಷ ತಲೆ ಮೇಲೆ ಡಬ್ಬ ಹೊತ್ತ ಮನುಷ್ಯನನ್ನು ಒಂದು ಮೂಟೆ ಹೇಗೆ ಕೆಡವಿತು? ನನಗೆ ಇದು ಬಹಳ ದಿನ ಕಾಡಿದ ಪ್ರಶ್ನೆ.

ಉತ್ತರ ತಕ್ಕಡಿಯಲ್ಲಿದೆ. ತಲೆಯ ಮೇಲಿನ ಭಾರ ಮಣಿ ಮೇಲೆ ಮಣಿಯಾಗಿ ನೇರ ಇಳಿಯುತ್ತೆ. ಕತ್ತು ಸವೆಯುವುದು ನಿಜ, ಆದರೆ ಸೊಂಟದ ಸ್ನಾಯು ಅಷ್ಟಾಗಿ ಎಳೆಯಬೇಕಿಲ್ಲ. ಅದೇ ಭಾರವನ್ನು ಮುಂದಕ್ಕೆ ಬಗ್ಗಿ ಕೈಚಾಚಿ ಎತ್ತಿದಿರೋ, ಲೆಕ್ಕವೇ ಬೇರೆ. ಮೂಟೆ ಬೆನ್ನುಮೂಳೆಯಿಂದ 50 ಸೆಂಟಿಮೀಟರ್ ಮುಂದೆ, ಅದನ್ನು ಹಿಂದಕ್ಕೆ ಎಳೆಯುವ ಸ್ನಾಯು ಕೇವಲ 5 ಸೆಂಟಿಮೀಟರ್ ಹಿಂದೆ ಅಂತ ಇಟ್ಟುಕೊಳ್ಳಿ. ಒಂದು ಕಿಲೋ ಎತ್ತಲು ಸ್ನಾಯು ಹತ್ತು ಕಿಲೋ ಎಳೆಯಬೇಕು! ಆ ಎರಡೂ ಭಾರ ಸೇರಿ ಕೂರುವುದು ಪಾಪದ ಡಿಸ್ಕಿನ ಮೇಲೆ.

1999ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಕ್ಕೇ ಒತ್ತಡ ಅಳೆಯುವ ಪುಟ್ಟ ಸಾಧನ ಇಟ್ಟು ನೋಡಿದರು. ಮಲಗಿದಾಗ 0.1 ಮೆಗಾಪ್ಯಾಸ್ಕಲ್. ಸುಮ್ಮನೆ ನಿಂತಾಗ 0.5. ಇಪ್ಪತ್ತು ಕಿಲೋ ಭಾರವನ್ನು ಬೆನ್ನು ಬಗ್ಗಿಸಿ ಎತ್ತಿದಾಗ 2.3! ಅದೇ ಭಾರವನ್ನು ಮೊಣಕಾಲು ಮಡಿಸಿ ಎತ್ತಿದಾಗ 1.7. ಎದೆಗೆ ಅಪ್ಪಿ ಹಿಡಿದು ನಿಂತಾಗ 1.1. ಭಾರ ಒಂದೇ ಸ್ವಾಮಿ, ಹಿಡಿಯುವ ರೀತಿ ಬೇರೆ. ಮೂಟೆಯಾಗಲಿ, ಗ್ಯಾಸ್ ಸಿಲಿಂಡರ್ ಆಗಲಿ, ತುಂಬಿದ ಬಿಂದಿಗೆಯಾಗಲಿ, ಹತ್ತಿರಕ್ಕೆ ಎಳೆದುಕೊಂಡು ಎತ್ತಿ. ಎತ್ತುತ್ತಲೇ ಸೊಂಟ ತಿರುಗಿಸಬೇಡಿ.

2020ರಲ್ಲಿ ಪ್ರಪಂಚದಲ್ಲಿ 61.9 ಕೋಟಿ ಜನಕ್ಕೆ ಸೊಂಟನೋವಿತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆ ಸಾಲಿನಲ್ಲಿ ಲೈಟ್‌ಬಾಯ್‌ಗಳಿದ್ದಾರೆ, ಟ್ರಾಲಿ ಹಳಿ ಹೊರುವವರಿದ್ದಾರೆ, ಈ ಪತ್ರಿಕೆಯ ಕಟ್ಟುಗಳನ್ನು ಬಸ್ಸಿಗೆ ಹಾಕುವವರೂ ಇದ್ದಾರೆ.

ಸಿನಿಮಾ ಹೇಳುವ ಸುಳ್ಳು

ಇನ್ನೊಂದು ಬೆನ್ನಿನ ಕಥೆಗೆ ಬರೋಣ. ಇದು ಅಪ್ಪನದರಂತೆ ಸುಖಾಂತವಲ್ಲ.

ನಮ್ಮ ವಠಾರದ ಕೊನೇ ಮನೆಯಲ್ಲಿ ಒಬ್ಬ ಫೈಟರ್ ಇದ್ದಾನೆ. ನಾವೆಲ್ಲ 'ಫೈಟರಣ್ಣ' ಅಂತೀವಿ. ಗರಡಿಯಲ್ಲಿ ತಯಾರಾದ ಮೈ. ಬೀಳುವುದರಲ್ಲಿ ನಿಸ್ಸೀಮ. "ಬೀಳೋದು ಒಂದು ವಿದ್ಯೆ ಕಣೋ. ಬೆನ್ನು ಅಗಲಿಸಿ, ಕೈ ಬಡಿದು ಬೀಳಬೇಕು. ಕೂತ ಹಾಗೆ ಬಿದ್ದೆಯೋ, ಮುಗೀತು" ಅಂತ ಹುಡುಗರಿಗೆ ಹೇಳಿಕೊಡುತ್ತಿದ್ದ.

ಅವನು ಹೇಳಿದ್ದು ಶುದ್ಧ ವಿಜ್ಞಾನ. ಅಗಲವಾಗಿ ಬಿದ್ದರೆ ಪೆಟ್ಟು ಹಂಚಿಹೋಗುತ್ತೆ. ಕೂತ ಭಂಗಿಯಲ್ಲಿ ಬಿದ್ದರೆ ಅಷ್ಟೂ ಪೆಟ್ಟು ಮಣಿಗಳನ್ನು ಒಂದರ ಮೇಲೊಂದು ಜಜ್ಜುತ್ತಾ ಮೇಲೇರುತ್ತೆ. ಬಿಗಿಯಾದ ಎದೆಯ ಭಾಗ ಮುಗಿದು ಬಾಗುವ ಸೊಂಟದ ಭಾಗ ಶುರುವಾಗುವ ಜಾಗ ಇದೆಯಲ್ಲ, ಎದೆಯ 12ನೇ ಮಣಿ, ಸೊಂಟದ ಮೊದಲನೇ ಮಣಿ, ಅಲ್ಲೇ ಹೆಚ್ಚಾಗಿ ಒಡೆಯುವುದು.

ಒಂದು ಚಿತ್ರದ ಷೂಟಿಂಗ್. ಯಾವ ಚಿತ್ರ, ಯಾರ ಬ್ಯಾನರು ಅಂತ ನಾನು ಬರೆಯೋದಿಲ್ಲ, ಫೈಟರಣ್ಣನೇ ಬೇಡ ಅಂದಿದ್ದಾನೆ. ಬಾಲ್ಕನಿಯಿಂದ ಹಿಮ್ಮುಖವಾಗಿ ಬೀಳುವ ಷಾಟ್. ಕೆಳಗೆ ರಟ್ಟಿನ ಡಬ್ಬಗಳು, ಮೇಲೆ ಹಾಸಿಗೆ. ಕಾಲು ಕಟಕಟೆಗೆ ತಗುಲಿ ದಿಕ್ಕು ತಪ್ಪಿತು. ಹಾಸಿಗೆಯ ಆಚೆ ಬಿದ್ದ. ಕೂತ ಹಾಗೇ ಬಿದ್ದ.

ಆಮೇಲೆ ನಡೆದದ್ದು ನೋಡಿ. ನಾಲ್ಕು ಜನ ಓಡಿಬಂದರು. ಎಲ್ಲರೂ ಒಳ್ಳೆಯವರೇ, ಎಲ್ಲರಿಗೂ ಗಾಬರಿ. ಇಬ್ಬರು ಕೈ ಹಿಡಿದರು, ಇಬ್ಬರು ಕಾಲು ಹಿಡಿದರು. ಜೋಳಿಗೆಯ ಹಾಗೆ ಎತ್ತಿ ಕಾರಿನ ಹಿಂದಿನ ಸೀಟಿಗೆ ಮಡಿಸಿ ಹಾಕಿದರು. ಸಿನಿಮಾದಲ್ಲಿ ಹೀರೋ ಗಾಯಗೊಂಡವರನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಓಡುತ್ತಾನಲ್ಲ, ನಾವು ಕಲಿತಿರುವುದು ಅದನ್ನೇ! ಒಡೆದ ಮಣಿಯ ಚೂರು ಸುರಂಗದೊಳಗೆ ಹುರಿಗೆ ಚುಚ್ಚಿತ್ತು. ಬಿದ್ದಾಗಲೇ ಚುಚ್ಚಿತೋ, ಎತ್ತುವಾಗ ಚುಚ್ಚಿತೋ, ಈಗ ಯಾರೂ ಹೇಳಲಾರರು ಅಂದರು ಡಾಕ್ಟರು. ಸೊಂಟದ ಕೆಳಗೆ ಏನೂ ಇಲ್ಲ.

ಹಾಗೆ ಬಿದ್ದವರು ಎಲ್ಲಾದರೂ ಕಂಡರೆ ಎಳೆಯಬೇಡಿ, ಕೂರಿಸಬೇಡಿ, ಎದ್ದು ನಿಲ್ಲು ಅನ್ನಬೇಡಿ. ತಲೆ ಕತ್ತು ಅಲುಗದಂತೆ ಹಿಡಿದು 108ಕ್ಕೆ ಫೋನ್ ಮಾಡಿ. ಬೆಂಕಿ, ನೀರು, ಓಡುವ ವಾಹನದ ಅಪಾಯ ಇದ್ದರೆ ಮಾತ್ರ ಸರಿಸಿ. ಅದೂ ತಲೆಯಿಂದ ಸೊಂಟದವರೆಗೆ ಒಂದೇ ದಿಮ್ಮಿಯ ಹಾಗೆ, ಬಾಗದಂತೆ, ತಿರುಚದಂತೆ.

ಫೈಟರಣ್ಣನ ತಾಯಿಯನ್ನು ನಾನು ದೊಡ್ಡಮ್ಮ ಅಂತ ಕರೀತೀನಿ. ಒಂದು ಸಂಜೆ ಅವರು ನನ್ನನ್ನು ಕರೆದು ಕೂರಿಸಿಕೊಂಡು ಕೇಳಿದರು: "ಅಲ್ಲ ಮಗಾ, ನೀನು ಸಿನಿಮಾದೋರ ಜೊತೆ ಓಡಾಡ್ತೀಯ, ನಿಂಗೆ ಗೊತ್ತಿರುತ್ತೆ. ಪಿಕ್ಚರಲ್ಲಿ ಕಾಲು ಬಿದ್ದೋರು ಗಾಬರಿಯಾದಾಗ ತಟ್ಟನೆ ಎದ್ದು ನಿಲ್ತಾರಲ್ಲ. ದೇವಸ್ಥಾನದ ಗಂಟೆ ಕೇಳಿದ್ರೆ, ಮಗು ನೀರಿಗೆ ಬಿದ್ರೆ... ಹಂಗೆ ನಮ್ಮೋನಿಗೂ ಏನಾದ್ರೂ ಗಾಬರಿ ಮಾಡಿಸಿದ್ರೆ?"

ನಗಬೇಡಿ ವಾಚಕರೇ. ಆ ದೃಶ್ಯವನ್ನು ನಾವೆಲ್ಲ ಎಷ್ಟು ಸಲ ನೋಡಿದ್ದೇವೆ! ಎಷ್ಟು ಸಲ ಚಪ್ಪಾಳೆ ಹೊಡೆದಿದ್ದೇವೆ! ಗಾಲಿಕುರ್ಚಿಯ ನಾಯಕಿ, ಖಳನಾಯಕನ ಅಟ್ಟಹಾಸ, ನಡುಗುವ ಬೆರಳುಗಳು, ಮೊದಲನೇ ಹೆಜ್ಜೆ, ವಯಲಿನ್! ಮೂರು ನಿಮಿಷದ ಆ ದೃಶ್ಯವನ್ನು ನಂಬಿ ಒಬ್ಬ ತಾಯಿ ವರ್ಷಗಟ್ಟಲೆ ಕಾಯುತ್ತಾರೆ.

ಅವರಿಗೆ ಅಪ್ಪನನ್ನೇ ಉದಾಹರಣೆ ಕೊಟ್ಟು ಹೇಳಿದೆ. "ದೊಡ್ಡಮ್ಮ, ಅಪ್ಪಂಗೆ ಒತ್ತಿದ್ದು ನರ. ಹುರಿ ಅಲ್ಲ. ನರ ಮರದ ಕೊಂಬೆ ಇದ್ದ ಹಾಗೆ." ಕೈಕಾಲಿನ ನರ ಕಡಿದರೂ, ದಾರಿ ಸರಿಯಿದ್ದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಮತ್ತೆ ಬೆಳೆಯಬಲ್ಲದು. ಬೆನ್ನುಹುರಿ ಹಾಗಲ್ಲ. ಅದು ಮಿದುಳಿನದೇ ಭಾಗ ಇದ್ದ ಹಾಗೆ. ಪೆಟ್ಟಾದ ಜಾಗದಲ್ಲಿ ಕಲೆಗಟ್ಟುತ್ತೆ, ಕಡಿದ ಎಳೆ ಆಚೆ ದಾಟಿ ಬೆಳೆಯುವುದಿಲ್ಲ. ಪೂರ್ತಿ ಕಡಿಯದೆ ಅಲ್ಪಸ್ವಲ್ಪ ಉಳಿದಿದ್ದರೆ ಮೊದಲ ತಿಂಗಳುಗಳಲ್ಲಿ ಸ್ವಲ್ಪ ಶಕ್ತಿ ಬರಬಹುದು, ತರಬೇತಿಯಿಂದ ಹೆಚ್ಚಬಹುದು. ಗಾಬರಿಯಿಂದ, ಗಂಟೆಯಿಂದ ಬರುವುದಿಲ್ಲ. ಪೂರ್ತಿ ಹೋಗಿದ್ದು ಧೈರ್ಯ ಸಾಲದ್ದಕ್ಕಲ್ಲ. ದೊಡ್ಡಮ್ಮನ ಮಗನಿಗೆ ಧೈರ್ಯಕ್ಕೇನು ಕಮ್ಮಿ?

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಕಾಫಿ ಕಾಯಿಸಿದರು.

ಸೂಪರ್‌ಮ್ಯಾನ್‌ನ ಕತ್ತು

ದುಡ್ಡಿದ್ದರೆ ಸರಿಹೋಗುತ್ತಿತ್ತೇನೋ ಅನ್ನುವವರಿಗೆ ಒಂದು ಮಾತು. 1978ರ 'ಸೂಪರ್‌ಮ್ಯಾನ್' ಚಿತ್ರದ ಕ್ರಿಸ್ಟೋಫರ್ ರೀವ್ ಗೊತ್ತಲ್ಲ? ಆಕಾಶದಲ್ಲಿ ಹಾರಿ ಪ್ರಪಂಚವನ್ನೇ ಮರುಳುಮಾಡಿದಾತ. 1995ರ ಮೇ 27ರಂದು ಅಮೆರಿಕದ ವರ್ಜೀನಿಯಾದಲ್ಲಿ ಕುದುರೆ ಸವಾರಿ ಸ್ಪರ್ಧೆ. ಬೇಲಿ ಹಾರಬೇಕಿದ್ದ ಕುದುರೆ ಗಕ್ಕನೆ ನಿಂತಿತು. ರೀವ್ ತಲೆಕೆಳಗಾಗಿ ಬಿದ್ದರು. ಒಡೆದದ್ದು ಕತ್ತಿನ ಮೊದಲ ಎರಡು ಮಣಿ. "ಹ್ಞೂಂ", "ಊಹೂಂ" ಅಂದೆನಲ್ಲ, ಅವೇ!

ಉಸಿರಾಡಿಸುವ ವಪೆಯ ನರ ಹೊರಡುವುದು ಕತ್ತಿನ ಮೂರರಿಂದ ಐದನೇ ಹಂತದಲ್ಲಿ. ರೀವ್‌ಗೆ ಪೆಟ್ಟಾದದ್ದು ಅದಕ್ಕೂ ಮೇಲೆ. ಕೈಕಾಲಷ್ಟೇ ಅಲ್ಲ, ಉಸಿರೂ ಯಂತ್ರದ ಪಾಲಾಯಿತು. ಹುರಿಗೆ ಪೆಟ್ಟು ಮೇಲಾದಷ್ಟೂ ನಷ್ಟ ಹೆಚ್ಚು ಅನ್ನುವುದಕ್ಕೆ ಇದೇ ಉದಾಹರಣೆ. ಪ್ರಪಂಚದ ದೊಡ್ಡ ದೊಡ್ಡ ವೈದ್ಯರು ಜೊತೆಗಿದ್ದರು. ರೀವ್ ಎದ್ದು ನಡೆಯಲಿಲ್ಲ. ಆದರೆ ಕುರ್ಚಿಯಲ್ಲಿ ಕೂತೇ 1997ರಲ್ಲಿ ಒಂದು ಟಿವಿ ಚಿತ್ರ ನಿರ್ದೇಶಿಸಿದರು, 1998ರಲ್ಲಿ ಇನ್ನೊಂದರಲ್ಲಿ ನಟಿಸಿದರು, ಬೆನ್ನುಹುರಿ ಸಂಶೋಧನೆಗೆ ಹಣ ಕೂಡಿಸಿದರು. 2004ರ ಅಕ್ಟೋಬರ್ 10ರಂದು ತೀರಿಕೊಂಡಾಗ 52 ವರ್ಷ.

'ಹ್ಯಾರಿ ಪಾಟರ್' ಚಿತ್ರಗಳ ನಾಯಕನ ಡ್ಯೂಪ್ ಡೇವಿಡ್ ಹೋಮ್ಸ್ 2009ರ ಜನವರಿಯಲ್ಲಿ ಸ್ಟಂಟಿನ ರಿಹರ್ಸಲ್‌ನಲ್ಲಿ ಗೋಡೆಗೆ ಬಡಿದು ಕತ್ತು ಮುರಿದುಕೊಂಡರು. ಎದೆಯ ಕೆಳಗೆ ಸ್ವಾಧೀನ ಹೋಯಿತು. ಅಷ್ಟು ವರ್ಷ ಬೆನ್ನು ಮಾತ್ರ ತೋರಿಸಿದ್ದ ಆತನ ಮುಖ ಪ್ರೇಕ್ಷಕರಿಗೆ ಸರಿಯಾಗಿ ಕಂಡದ್ದು 2023ರಲ್ಲಿ, ಆತನ ಬಗ್ಗೆಯೇ ಒಂದು ಸಾಕ್ಷ್ಯಚಿತ್ರ ಬಂದಾಗ.

ಹಾಗಂತ ಎಲ್ಲಾ ಕತ್ತಲೆಯಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ ಹುರಿಗೆ ಪೆಟ್ಟಾದವರು ಬಹುತೇಕ ಬೇಗನೇ ಸಾಯುತ್ತಿದ್ದರು. ಕಾರಣ ಬೆನ್ನಲ್ಲ, ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ ಎಂಬ ವೈದ್ಯ ಬಂದು, ಎರಡೆರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಿ ಅಂತ ಹಠ ಹಿಡಿದರು. ಆಟ ಆಡಿಸಿದರು. 1948ರಲ್ಲಿ ಅಲ್ಲಿ ಶುರುವಾದ ಗಾಲಿಕುರ್ಚಿ ಆಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು. 1965ರ ಯುದ್ಧದಲ್ಲಿ ಬೆನ್ನುಮೂಳೆಗೆ ಗುಂಡು ಹೊಕ್ಕ ನಮ್ಮ ಸೈನಿಕ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. 2024ರ ಹಿಂದಿ ಚಿತ್ರ 'ಚಂದು ಚಾಂಪಿಯನ್' ಅವರದೇ ಕಥೆ.

2023ರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಮಿದುಳಿಗೂ ಬೆನ್ನುಹುರಿಗೂ ಉಪಕರಣ ಅಳವಡಿಸಿ, ನಡುವೆ ಕಂಪ್ಯೂಟರಿನಿಂದ ಸಂಪರ್ಕ ಕೊಟ್ಟು, ಸ್ವಾಧೀನ ತಪ್ಪಿದ್ದ ಒಬ್ಬ ವ್ಯಕ್ತಿಯನ್ನು ನಡೆಸಿದ್ದೂ ಉಂಟು. ಇನ್ನೂ ಪ್ರಯೋಗದ ಹಂತ. ಆ ಸುದ್ದಿಯನ್ನು ದೊಡ್ಡಮ್ಮನಿಗೆ ಓದಿ ಹೇಳಿದ್ದೇನೆ, ಪ್ರಯೋಗದ ಹಂತ ಅನ್ನುವ ಮಾತನ್ನೂ ಸೇರಿಸಿಯೇ.

ಏಳು ಮೆಟ್ಟಿಲು

ಫೈಟರಣ್ಣ ಈಗ ಮನೆಯ ಮುಂಬಾಗಿಲಲ್ಲೇ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾನೆ. ಅರ್ಧ ಗಂಟೆಗೊಮ್ಮೆ ಎರಡೂ ಕೈ ಊರಿ ಮೈಯನ್ನು ಕುರ್ಚಿಯಿಂದ ಮೇಲೆತ್ತಿ ಕೂರುತ್ತಾನೆ. ಹುಣ್ಣಾಗದಿರಲಿ ಅಂತ. ಗರಡಿಯ ತೋಳು ಈಗ ಆ ಕೆಲಸಕ್ಕೆ ಬಂದಿದೆ.

ಹೋದ ವರ್ಷ ಅವನ ಗೆಳೆಯರೆಲ್ಲ ಫೈಟ್ ಮಾಡಿದ್ದ ಒಂದು ಚಿತ್ರ ಬಿಡುಗಡೆಯಾಯಿತು. ಮೊದಲ ಷೋಗೆ ಹೋಗೋಣ ಅಂತ ಅವನೇ ಹೇಳಿದ. ಆಟೋದಲ್ಲಿ ಹೋದೆವು. ಥಿಯೇಟರಿನ ಮುಂದೆ ಏಳು ಮೆಟ್ಟಿಲು. ಇಳಿಜಾರಿಲ್ಲ, ಹಲಗೆಯಿಲ್ಲ. "ಎತ್ಕೊಂಡು ಹೋಗೋಣ ಬಾರಣ್ಣ" ಅಂತ ಹುಡುಗರು ಮುಂದೆ ಬಂದರು. ಫೈಟರಣ್ಣ ಬೇಡ ಅಂದ. "ಒಂದು ಸಲ ಎತ್ತಿಸ್ಕೊಂಡಿದ್ದು ಸಾಕು" ಅಂದ. ಹೊರಗೆ ಕಟೌಟ್ ಕೆಳಗೆ ಕೂತು ಒಳಗಿನ ಶಿಳ್ಳೆ ಕೇಳಿದ. ಯಾವ ಫೈಟಿಗೆ ಯಾವ ಶಿಳ್ಳೆ ಅಂತ ಅವನಿಗೆ ಗೊತ್ತಾಗುತ್ತಿತ್ತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಜನ ಬಳಸುವ ಕಟ್ಟಡಗಳಲ್ಲಿ ಗಾಲಿಕುರ್ಚಿ ಹೋಗಲು ದಾರಿ ಇರಬೇಕು ಅನ್ನುತ್ತೆ. ಕಾಯ್ದೆಯ ಮಾತು ಹಾಗಿರಲಿ. ನಿರ್ದೇಶಕ ಮಹಾಶಯರೇ, ಮುಂದಿನ ಚಿತ್ರದಲ್ಲಿ ಗಾಲಿಕುರ್ಚಿಯ ಪಾತ್ರವನ್ನು ಕ್ಲೈಮ್ಯಾಕ್ಸಿನಲ್ಲಿ ಎಬ್ಬಿಸಿ ನಿಲ್ಲಿಸಬೇಡಿ. ಕೂತೇ ಗೆಲ್ಲಲಿ, ನಾವು ಚಪ್ಪಾಳೆ ಹೊಡೀತೀವಿ. ನಿರ್ಮಾಪಕರೇ, ಬೀಳುವ ಷಾಟ್ ಇದ್ದ ದಿನ ಸೆಟ್ಟಿನಲ್ಲಿ ಒಂದು ಆಂಬುಲೆನ್ಸು, ಬೆನ್ನು ಅಲುಗದಂತೆ ಮಲಗಿಸುವ ಒಂದು ಹಲಗೆ, ಅದನ್ನು ಬಳಸಲು ಬಲ್ಲ ಇಬ್ಬರು ಇರಲಿ. ನಿಮ್ಮ ಒಂದು ಹಾಡಿನ ಹೂವಿನ ಖರ್ಚಿಗಿಂತ ಅದೇನೂ ಹೆಚ್ಚಾಗಲಿಕ್ಕಿಲ್ಲ.

ಮತ್ತೆ ಥಿಯೇಟರ್ ಮಾಲೀಕರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ಆ ಏಳು ಮೆಟ್ಟಿಲ ಪಕ್ಕ ಒಂದು ಇಳಿಜಾರು ಹಾಕಿಸಿ ಸ್ವಾಮಿ. ಟಿಕೆಟ್ ದುಡ್ಡು ಫೈಟರಣ್ಣನೇ ಕೊಡ್ತಾನೆ.